ವಿರಾಮದ ಲೆಕ್ಕ

ಡಿಪೋದ ಗೇಟು ಹತ್ತಿರವಾಗುತ್ತಿದ್ದಂತೆ ಅವನ ನಡಿಗೆ ತಾನಾಗಿ ನಿಧಾನವಾಯಿತು. ಕಾವಲಿನವನು ಕುರ್ಚಿಯಿಂದ ಏಳುತ್ತಾನೋ ಇಲ್ಲವೋ ನೋಡಬೇಕಿತ್ತು. ಕೆಲಸದಲ್ಲಿದ್ದಾಗ ಏಳುತ್ತಿದ್ದ, ನಿವೃತ್ತಿಯಾದ ಮೇಲೆ ಮೊದಲ ಸಲ ಬಂದಾಗಲೂ ಎದ್ದಿದ್ದ, ಹೋದ ಸಲ ಮಾತ್ರ ಎದ್ದನೋ, ಬೆನ್ನು ಕೆರೆದುಕೊಳ್ಳಲು ಮುಂದಕ್ಕೆ ಬಾಗಿದನೋ ಗೊತ್ತಾಗಿರಲಿಲ್ಲ. ಇಂಥ ಸಣ್ಣ ವಿಷಯಗಳನ್ನು ಮನಸ್ಸಿಗೆ ಹಚ್ಚಿಕೊಳ್ಳುವವನು ತಾನಲ್ಲ ಎಂದು ಅವನು ತಿಳಿದುಕೊಂಡಿದ್ದ. ಹಾಗೆ ತಿಳಿದುಕೊಂಡೇ ಒಂದು ತಿಂಗಳು ಅದನ್ನೇ ಯೋಚಿಸಿದ್ದ. ಇವತ್ತು ಕಾವಲಿನವನು ಕೂತಲ್ಲಿಂದಲೇ, "ಹೋಗಿ ಸಾರ್, ಮ್ಯಾನೇಜರ್ ಸಾಹೇಬ್ರು ಹೇಳಿದಾರೆ," ಎಂದ. ಹೇಳಿದಾರೆ. ಅಂದರೆ ಹೇಳದೆ ಇದ್ದಿದ್ದರೆ ಬಿಡುತ್ತಿರಲಿಲ್ಲ. ಈ ಗೇಟಿನಿಂದ ಹೊರಡುವ ಪ್ರತಿಯೊಂದು ಬಸ್ಸನ್ನು ಯಾವ ಚಾಲಕ ಎಷ್ಟು ಹೊತ್ತಿಗೆ ಹತ್ತಬೇಕು, ಇಳಿದ ಮೇಲೆ ಎಷ್ಟು ಹೊತ್ತು ಕಾಲು ಚಾಚಬೇಕು ಎಂದು ನಿರ್ಧರಿಸುವ ಪ್ರೋಗ್ರಾಮು ಬರೆದ ಮನುಷ್ಯ ಇವನೇ ಎಂಬುದು ಆ ಕುರ್ಚಿಗೆ ಅಂಟಿಕೊಂಡ ಪುಣ್ಯಾತ್ಮನಿಗೆ ಗೊತ್ತಿರಬೇಕೆಂದೇನೂ ಇಲ್ಲ. ಆದರೂ ಗೊತ್ತಿದ್ದರೆ ಚೆನ್ನಾಗಿತ್ತು.

ಮ್ಯಾನೇಜರ್ ಎಂದರೆ ಬೇರೆ ಯಾರೂ ಅಲ್ಲ, ಹೆಂಡತಿಯ ತಮ್ಮ. ಇವನ ಕೈಕೆಳಗೇ ಕೆಲಸ ಕಲಿತು, ಇವನ ತಲೆಯ ಮೇಲೆ ಹತ್ತಿ ಕೂತವನು. ಕೂತದ್ದಕ್ಕೆ ಇವನಿಗೆ ಬೇಸರವಿರಲಿಲ್ಲ, ಕೂತ ಮೇಲೂ "ಭಾವ" ಎಂದು ಅಷ್ಟೇ ವಿನಯದಿಂದ ಕರೆಯುತ್ತಿದ್ದನಲ್ಲ, ಅದು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಬೆಳಿಗ್ಗೆ ಫೋನು ಮಾಡಿ, "ಭಾವ, ಮತ್ತೆ ನಿಂತ್ಹೋಗಿದೆ. ಆ ಕಂಪ್ಯೂಟರ್ ತಾನೇ ಅಪ್‌ಡೇಟ್ ಆಗಿ ನಿಮ್ಮ ಹಳೇದನ್ನೆಲ್ಲಾ ಒರೆಸಿ ಹಾಕ್ಬಿಟ್ಟಿದೆ. ನಾಳೆ ಡ್ಯೂಟಿ ಚಾರ್ಟ್ ಬರ್ತಿಲ್ಲ. ನೀವು ಬರ್ದೇ ಇದ್ರೆ ಬಸ್ಸು ಹೊರಡಲ್ಲ," ಎಂದಿದ್ದ. ಬಸ್ಸು ಹೊರಡುವುದಿಲ್ಲ ಎಂಬ ಮಾತು ಕಿವಿಗೆ ಬೀಳುತ್ತಲೇ ಎದೆಯೊಳಗೆ ಏನೋ ನೆಟ್ಟಗೆ ನಿಂತುಕೊಂಡಿತ್ತು. ಒಲೆಯ ಮುಂದಿದ್ದ ಹೆಂಡತಿ ತಿರುಗಿ, "ಹೋಗ್ಬನ್ನಿ, ಪಾಪ ಅವ್ನೊಬ್ನೇ ಏನ್ ಮಾಡ್ತಾನೆ," ಎಂದವಳೇ ಇಸ್ತ್ರಿಯಾದ ಅಂಗಿ ತಂದುಕೊಟ್ಟಳು. ಅಂಗಿಯ ತೋಳು ಗರಿಗರಿಯಾಗಿತ್ತು. ಅದನ್ನು ತೊಡುವಾಗ ಕನ್ನಡಿಯಲ್ಲಿ ಕಂಡ ಮುಖ ಕೆಲಸಕ್ಕೆ ಹೊರಟವನ ಮುಖವಾಗಿತ್ತು.

ದಾಖಲೆ ಕೋಣೆಯ ಮೂಲೆಯಲ್ಲಿ, ಹಳೆಯ ಟಯರುಗಳ ಪಟ್ಟಿಯ ಕಟ್ಟುಗಳ ಪಕ್ಕದಲ್ಲಿ, ಅವನ ಕಂಪ್ಯೂಟರು. ಅದರ ಕೀಲಿಗಳ ಮೇಲಿನ ಅಕ್ಷರಗಳು ಅವನ ಬೆರಳಿಗೇ ಸವೆದವು. ಕನ್ನಡಕದ ಪೆಟ್ಟಿಗೆ ತೆರೆದು, ಒರೆಸುವ ಬಟ್ಟೆಯ ಕೆಳಗಿನಿಂದ ಪೆನ್‌ಡ್ರೈವ್ ತೆಗೆದ. ಹಳೆಯ ಆವೃತ್ತಿ ಇರುವುದು ಇದರಲ್ಲಿ. ಅವನು ಪ್ರೋಗ್ರಾಮು ಬರೆದ ಭಾಷೆಗೆ ಈಗ ಹೊಸ ಆವೃತ್ತಿ ಬಂದು ಎಷ್ಟೋ ಕಾಲವಾಗಿದೆ. ಹಳೆಯದಕ್ಕೂ ಹೊಸದಕ್ಕೂ ಹೆಸರು ಒಂದೇ, ಮನೆತನ ಒಂದೇ, ಆದರೆ ಮಾತು ಬಿಟ್ಟ ದಾಯಾದಿಗಳು; ಅದರಲ್ಲಿ ಬರೆದದ್ದನ್ನು ಇದು ಓದುವುದಿಲ್ಲ. ಭಾಷೆ ಮಾಡಿದವರೇ ಕೂತು ಹಳೆಯದು ಇಂಥ ದಿನ ಸಾಯುತ್ತದೆ ಎಂದು ವರ್ಷಗಳ ಮೊದಲೇ ಸಾರಿದ್ದರು. ಅವತ್ತು ಅವನು ಇದೇ ಕುರ್ಚಿಯಲ್ಲಿ ಕೂತು ದಿನವೆಲ್ಲ ಕಾದಿದ್ದ. ಏನೂ ಆಗಲಿಲ್ಲ. ಚಾರ್ಟು ಎಂದಿನಂತೆ ಬಂತು. ಹೊಸದಕ್ಕೆ ಬದಲಾಯಿಸೋಣವೇ ಎಂದು ಮೇಲಿನವರು ಕೇಳಿದಾಗಲೆಲ್ಲ ಅವನು ಕನ್ನಡಕ ತೆಗೆದು ಮೂಗಿನ ಬೇರನ್ನು ತಿಕ್ಕಿ, "ಒಂದು ವರ್ಷದ ಕೆಲಸ. ಒಂದು ಮುಟ್ಟಿದ್ರೆ ಇನ್ನೊಂದು ಬೀಳುತ್ತೆ," ಎನ್ನುತ್ತಿದ್ದ. ಅದು ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೇ ಎಂದು ತನ್ನನ್ನು ತಾನು ಕೇಳಿಕೊಳ್ಳುವ ಗೋಜಿಗೂ ಅವನು ಹೋಗಿರಲಿಲ್ಲ.

ಪೆನ್‌ಡ್ರೈವ್ ಚುಚ್ಚಿದ. ಈ ಆವೃತ್ತಿಗೆ ಬೆಂಬಲ ನಿಂತಿದೆ, ಇದನ್ನು ಹಾಕುವುದು ಅಪಾಯಕಾರಿ, ಆದರೂ ಮುಂದುವರಿಯುವಿರಾ ಎಂದು ತೆರೆ ಕೇಳಿತು. ಪ್ರತಿ ಸಲವೂ ಕೇಳುತ್ತದೆ. ಉತ್ತರ ಕೊಡುವ ಮೊದಲು ಸ್ವಲ್ಪ ತಡೆಯುವುದು ಅವನಿಗೆ ಇಷ್ಟ. ಆ ತಡೆಯುವ ಹೊತ್ತಿನಲ್ಲಿ ಒಂದು ಡಿಪೋ ಪೂರ್ತಿ ತನ್ನ ಬೆರಳಿನ ತುದಿಗೆ ಕಾಯುತ್ತಿದೆ ಅನ್ನಿಸುತ್ತದೆ. ಮನೆಯಲ್ಲಿ ಈಗ ಅವನಿಗೆ ಕಾಯುವಂಥದ್ದು ಏನೂ ಇರಲಿಲ್ಲ. ನಿವೃತ್ತಿಯ ಮಾರನೆಯ ದಿನವೇ ಅಡುಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದ. ಅವಳು ಮೊದಲು ತರಕಾರಿ ಹೆಚ್ಚಿ ಆಮೇಲೆ ಒಲೆ ಹಚ್ಚುವ ಬದಲು, ಒಲೆ ಹಚ್ಚಿಟ್ಟು ಹೆಚ್ಚುತ್ತಿದ್ದಳು. ಹೇಳಿದ. ಪಾತ್ರೆ ತೊಳೆಯುವಾಗ ದೊಡ್ಡದರಿಂದ ಶುರುಮಾಡಿದರೆ ನೀರು ಉಳಿಯುತ್ತದೆ ಎಂದ. ಫೋನಿನಲ್ಲಿ ತಂಗಿಯೊಡನೆ ಒಂದೇ ವಿಷಯವನ್ನು ಮೂರು ಸಲ ಹೇಳಿದೆ ಎಂದು, ಬೈದದ್ದಲ್ಲ, ಸುಮ್ಮನೆ ತೋರಿಸಿಕೊಟ್ಟ. ಅವಳು ಎಲ್ಲದಕ್ಕೂ "ಹೂಂ" ಎನ್ನುತ್ತಿದ್ದಳು. ಒಂದು ದಿನ ಮಾತ್ರ ಸೌಟು ಕೆಳಗಿಟ್ಟು, "ರೀ, ನಿಮಗೆ ಹೊರಗೆ ಏನೂ ಕೆಲಸ ಇಲ್ವಾ?" ಎಂದಿದ್ದಳು. ಆ ಮಾತಿನಲ್ಲಿ ಕೋಪವಿರಲಿಲ್ಲ. ಪುಣ್ಯಕ್ಕೆ ಆ ವಾರವೇ ಕಂಪ್ಯೂಟರು ಮೊದಲ ಸಲ ಹಳೆಯ ಆವೃತ್ತಿಯನ್ನು ನುಂಗಿತ್ತು. ಅಂದಿನಿಂದ ತಿಂಗಳಿಗೊಮ್ಮೆ ನುಂಗುತ್ತಲೇ ಇದೆ.

ಉತ್ತರ ಕೊಡುವ ಮೊದಲು ಹೊಟ್ಟೆಯ ಕೆಳಗೆ ಒತ್ತಡ ಬಂತು. ಈ ವಯಸ್ಸಿನ ಇನ್ನೊಂದು ಅವಮಾನ ಇದು. ಯಾವ ಮಹತ್ವದ ಗಳಿಗೆಯನ್ನೂ ಅದು ಗೌರವಿಸುವುದಿಲ್ಲ. ಕಚೇರಿಯ ಪಕ್ಕದ ಶೌಚಾಲಯಕ್ಕೆ ಹಲಗೆ ಅಡ್ಡ ಕಟ್ಟಿ ರಿಪೇರಿ ನಡೆಸಿದ್ದರು. ಚಾಲಕರ ವಿಶ್ರಾಂತಿ ಕೋಣೆಯನ್ನು ದಾಟಿ ಹಿಂದಿನದಕ್ಕೆ ಹೋಗಬೇಕಾಯಿತು. ಕೆಲಸದಲ್ಲಿದ್ದಷ್ಟೂ ವರ್ಷ ಅವನು ಆ ಕೋಣೆಗೆ ಹೋದದ್ದು ಕಡಿಮೆ. ಅಲ್ಲಿ ಬೆವರು, ಡೀಸೆಲ್ಲು, ಬಿಚ್ಚಿಟ್ಟ ಬೂಟುಗಳ ವಾಸನೆ. ತನ್ನ ತೆರೆಯ ಮೇಲೆ ಬರೀ ಸಂಖ್ಯೆಗಳಾಗಿದ್ದವರು ಅಲ್ಲಿ ಕಾಲು ಮಡಚಿ ಬಾಯಿ ತೆರೆದು ಮಲಗಿರುತ್ತಿದ್ದರು. ವಾಪಸು ಬರುವಾಗ ಗೋಡೆಯ ಫಲಕದ ಮೇಲಿನ ಚಾರ್ಟು ಕಣ್ಣಿಗೆ ಬಿತ್ತು. ತನ್ನ ಚಾರ್ಟು. ತಾನು ಎಳೆದ ಗೆರೆ, ತಾನು ಆರಿಸಿದ ಅಕ್ಷರ. ತನ್ನ ಮಗುವನ್ನು ಬೇರೆಯವರ ಜಗಲಿಯಲ್ಲಿ ಕಂಡವನ ಹಾಗೆ ನಿಂತು ನೋಡಿದ. ಕೊನೆಯ ಕಾಲಮ್ಮು ವಿರಾಮದ್ದು. ಅದರಲ್ಲಿ ಮೂರು, ಆಮೇಲೆ ಒಂದು ಚುಕ್ಕೆ, ಆಮೇಲೆ ಐದು. ಮೂರೂವರೆ ಗಂಟೆ.

ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಮೂರೂವರೆಯೇ. ಅದರ ಕೆಳಗೆ ಎರಡೂವರೆ. ಇನ್ನೂ ಕೆಳಗೆ ಮತ್ತೆ ಮೂರೂವರೆ. ಅವನ ಪ್ರೋಗ್ರಾಮಿನಿಂದ ಅರ್ಧ ಬರಲು ಸಾಧ್ಯವೇ ಇರಲಿಲ್ಲ. ಎಷ್ಟು ಗಂಟೆ ಓಡಿಸಿದರೋ ಅದರ ಅರ್ಧದಷ್ಟು ವಿರಾಮ, ಇದು ನಿಯಮ. ಏಳು ಗಂಟೆ ಓಡಿಸಿದವನಿಗೆ ಮೂರೂವರೆ. ಆದರೆ ಹಳೆಯ ಆವೃತ್ತಿಯಲ್ಲಿ ಏಳನ್ನು ಎರಡರಿಂದ ಭಾಗಿಸಿದರೆ ಮೂರು ಮಾತ್ರ ಬರುತ್ತದೆ, ಪೂರ್ಣಸಂಖ್ಯೆಗೆ ಪೂರ್ಣಸಂಖ್ಯೆ, ಉಳಿದದ್ದನ್ನು ಅದು ಸದ್ದಿಲ್ಲದೆ ಬಿಸಾಡುತ್ತದೆ. ಎರಡರ ಮುಂದೆ ಒಂದು ಚುಕ್ಕೆ, ಒಂದು ಸೊನ್ನೆ ಹಾಕಿದ್ದರೆ ಸಾಕಿತ್ತು. ಅದು ಅವನಿಗೆ ಮೊದಲ ವರ್ಷವೇ ತಿಳಿದಿತ್ತು. ಆಗಿನ ಮ್ಯಾನೇಜರು ನಕ್ಕು, ಕಂಪ್ಯೂಟರ್ ಕೊಟ್ಟ ವರವನ್ನ ಯಾಕ್ರೀ ತಿದ್ತೀರಿ ಎಂದಿದ್ದ. ಇವನಿಗೂ ಅರ್ಧಗಳಿಲ್ಲದ ಆ ಕಾಲಮ್ಮು ನೋಡಲು ಅಚ್ಚುಕಟ್ಟಾಗಿ ಕಂಡಿತ್ತು. ಇಷ್ಟೇ ಕಾರಣ, ಅಚ್ಚುಕಟ್ಟು. ಹೊಸ ಆವೃತ್ತಿ ಮಾತ್ರ ಏಳನ್ನು ಎರಡರಿಂದ ಭಾಗಿಸಿದರೆ ಮೂರೂವರೆ ಎನ್ನುತ್ತದೆ. ಈ ಚಾರ್ಟನ್ನು ಮಾಡಿದ್ದು ಹೊಸ ಆವೃತ್ತಿ. ಅವನು ಮೇಲಿನ ಹಾಳೆಯನ್ನು ಎತ್ತಿ ಕೆಳಗಿನದನ್ನು ನೋಡಿದ. ನಿನ್ನೆಯದು, ಅದರಲ್ಲೂ ಅರ್ಧ. ಅದರ ಕೆಳಗೆ ಮೊನ್ನೆಯದು. ಹೋದ ತಿಂಗಳು ಅವನು ಬಂದು, ಹಳೆಯದನ್ನು ಹಾಕಿ, ಎಲ್ಲರ ಕೃತಜ್ಞತೆ ಸ್ವೀಕರಿಸಿ ಹೋದ ಮಾರನೆಯ ದಿನದ್ದೂ ಅಲ್ಲೇ ಅಡಿಯಲ್ಲಿತ್ತು, ಅರ್ಧದ ಸಮೇತ.

"ಏನ್ ಸಾರ್, ಈ ಕಡೆ ಬಂದ್ಬಿಟ್ರಿ," ಎಂದಿತು ಬೆಂಚಿನ ಮೇಲಿನ ದೇಹ. ಗೊರಕೆ ಎಂದು ಡಿಪೋವೆಲ್ಲ ಕರೆಯುವ ಚಾಲಕ. ಮಲಗಿದರೆ ಕಿಟಕಿ ಗಾಜು ಅದುರುತ್ತದೆ ಎಂದು ಹೆಸರು ಗಳಿಸಿದವನು.

"ವಿರಾಮ ಅರ್ಧ ಗಂಟೆ ಜಾಸ್ತಿ ಇದೆಯಲ್ಲ," ಎಂದ ಇವನು. ತನ್ನ ದನಿ ಕಚೇರಿಯ ದನಿಯಾಗಿಯೇ ಹೊರಟದ್ದು ಅವನಿಗೆ ಕೇಳಿಸಿತು.

"ಅಯ್ಯೋ ಅದೊಂದು ಪುಣ್ಯ ಸಾರ್. ಹೊಸ ಪ್ರೋಗ್ರಾಮ್ ಬಂದಾಗಿನಿಂದ ಕಣ್ಣು ಉರಿಯೋದು ನಿಂತಿದೆ. ಚಳಿ ಶುರುವಾದಾಗ ಬಂತಲ್ಲ, ಅವಾಗಿಂದ. ಅಲ್ಲ, ನಿಮಗೆ ಗೊತ್ತಿರಲ್ವಾ, ನೀವೇ ಅಲ್ವಾ ಅದನ್ನ ನೋಡ್ಕೊಳೋದು?"

"ನಾನೇ," ಎಂದ.

"ಒಳ್ಳೇದಾಗ್ಲಿ ಸಾರ್ ನಿಮಗೆ," ಎಂದು ಗೊರಕೆ ಮಗ್ಗುಲಾಗಿ ಗೋಡೆಯ ಕಡೆ ತಿರುಗಿದ. ನಿದ್ದೆಗೆ ಜಾರಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ದಾಖಲೆ ಕೋಣೆಗೆ ಬಂದು ಕೂತಾಗ ತೆರೆ ಇನ್ನೂ ಅದೇ ಪ್ರಶ್ನೆ ಕೇಳುತ್ತಿತ್ತು. ಮುಂದುವರಿಯುವಿರಾ? ಹಳೆಯ ಆವೃತ್ತಿ ಈ ಪೆಟ್ಟಿಗೆಯಲ್ಲಿ ಇಲ್ಲ ಎಂಬುದು ನಿಜ. ಆದರೆ ಯಂತ್ರ ತಾನಾಗಿ ನುಂಗಿದ್ದಲ್ಲ. ಯಾರೋ ಬಂದು, ಈ ಕುರ್ಚಿಯಲ್ಲೇ ಕೂತು, ಅದನ್ನು ತೆಗೆದು ಹಾಕಿ, ಆಮೇಲೆ ಅವನಿಗೆ ಫೋನು ಮಾಡಿದ್ದಾರೆ. ಪ್ರತಿ ತಿಂಗಳೂ. ಅಳುವ ಮಗುವಿನ ಕೈಗೆ ಕೊಡಲು ಗಿಲಕಿಯನ್ನು ಮೊದಲು ಬಚ್ಚಿಡುತ್ತಾರಲ್ಲ, ಹಾಗೆ. ಅವನು ಹಾಕಿದ್ದನ್ನು ಪರೀಕ್ಷಿಸಲು ತೆಗೆದ ಚಾರ್ಟನ್ನು ಬಸ್ಸುಗಳ ಹೊತ್ತು ನೋಡಿಕೊಳ್ಳುವ ಟೈಮ್‌ಕೀಪರ್ ಹೆಂಗಸು ಎರಡೂ ಕೈಯಲ್ಲಿ ತೆಗೆದುಕೊಂಡು ಮೇಜಿನ ಖಾನೆಯೊಳಗೆ ಇಡುತ್ತಿದ್ದಳು. ಎಷ್ಟು ಜೋಪಾನ ಎಂದು ಅವನು ಮೆಚ್ಚಿಕೊಂಡಿದ್ದ. ಖಾನೆಯಿಂದ ಅದು ಗೋಡೆಯ ಫಲಕಕ್ಕೆ ಬಂದೇ ಇರಲಿಲ್ಲ. ವರ್ಷದ ಕೆಲಸ ಎಂದದ್ದನ್ನು ಯಾರೋ ಒಂದು ಮಧ್ಯಾಹ್ನ ಬೇರೊಂದು ಕಂಪ್ಯೂಟರಿನ ಮುಂದೆ ಕೂತು, ಅಲ್ಲೊಂದು ಇಲ್ಲೊಂದು ಆವರಣ ಚಿಹ್ನೆ ಸೇರಿಸಿ ಮುಗಿಸಿರಬೇಕು. ಅವರಿಗೆ ಭಾಗಾಕಾರದ ವಿಷಯ ಗೊತ್ತೂ ಇರಲಿಕ್ಕಿಲ್ಲ. ಚಾಲಕರಿಗೆ ಅರ್ಧ ಗಂಟೆ ಕೊಡಬೇಕೆಂದು ಯಾರೂ ಮನಸ್ಸು ಮಾಡಿದ್ದಲ್ಲ. ತನ್ನನ್ನು ತೆಗೆದರು, ಅದು ತಾನಾಗಿ ಬಂತು. ಅಜ್ಜಿಯ ಕೋಳಿ ಕೂಗಿದರೇ ಬೆಳಗಾಗುವುದು ಎಂಬ ಮಾತಿಗೆ ಎಷ್ಟೋ ಸಲ ನಕ್ಕಿದ್ದವನು ಈಗ ಆ ಕೋಳಿಯ ಸ್ಥಾನದಲ್ಲಿ ಕೂತಿದ್ದ.

ಆದರೆ ಬಾಮೈದನಿಗೆ ಯಾಕೆ ಇಷ್ಟೆಲ್ಲ ಉಸಾಬರಿ? ಅವನು ಯಾರಿಗೂ ಪುಕ್ಕಟೆ ಉಪಕಾರ ಮಾಡುವ ಆಸಾಮಿಯಲ್ಲ. ಹೀಗೆ ಯೋಚಿಸುತ್ತಿರುವಾಗ ಮೊಣಕೈಯ ಹತ್ತಿರ ಅಂಗಿಯ ಇಸ್ತ್ರಿಯ ಗೆರೆ ಕಂಡಿತು. ಇದಕ್ಕೆ ಇಸ್ತ್ರಿ ಹಾಕಿದ್ದು ನಿನ್ನೆ ಸಂಜೆ. ಅವಳು ಹಾಕುತ್ತಿದ್ದಾಗ, ಕಾಲರಿನಿಂದ ಶುರುಮಾಡಬೇಕು ಎಂದು ಇವನೇ ಹೇಳಿದ್ದ. ಫೋನು ಬಂದದ್ದು ಇವತ್ತು ಬೆಳಿಗ್ಗೆ. ಎಲ್ಲಿಗೂ ಹೋಗುವವನಲ್ಲದ ಗಂಡನಿಗೆ ನಿನ್ನೆಯೇ ಅಂಗಿ ಯಾಕೆ ಬೇಕಿತ್ತು? ಹೋದ ಸಲವೂ ಹೀಗೇ ಆಗಿತ್ತೇ? ಮಲಗುವ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ತಗ್ಗಿದ ದನಿಯಲ್ಲಿ ತಮ್ಮನೊಡನೆ ಮಾತಾಡುತ್ತಿದ್ದದ್ದು ನೆನಪಾಯಿತು; ಇವನು ಒಳಗೆ ಬಂದಾಗ, "ಸರಿ ಇಡ್ತೀನಿ ಕಣೋ," ಎಂದಿದ್ದಳು. ಪಾಪ, ಅವಳು ತನಗಾಗಿ ಬೇಡಿದ್ದಾಳೆ. ನನ್ನ ಗಂಡ ಮೂಲೆಗುಂಪಾಗಿದ್ದಾನೆ, ಏನಾದರೂ ಕೆಲಸ ಕೊಡೋ, ಮರ್ಯಾದೆ ಉಳಿಸೋ ಎಂದು ತಮ್ಮನ ಮುಂದೆ ಸೆರಗೊಡ್ಡಿದ್ದಾಳೆ. ಹಾಗಂದುಕೊಂಡಾಗ ಅವನಿಗೆ ಬಂದದ್ದು ಕೃತಜ್ಞತೆಯಲ್ಲ. ಹೆಂಡತಿಯ ಕರುಣೆಯನ್ನು ಉಂಡು ಇಷ್ಟು ತಿಂಗಳು ತೇಗಿದ್ದೆನಲ್ಲ ಎಂಬ ಹೇಸಿಗೆ.

ಪೆನ್‌ಡ್ರೈವನ್ನು ಕಿತ್ತ. ತೆರೆಯ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಕಂಪ್ಯೂಟರನ್ನು ಹಾಗೇ ಆರಿಸಿದ. ಏನನ್ನೂ ಹಾಕದೆ, ಏನನ್ನೂ ಮಾಡದೆ, ಕೆಲಸ ಮುಗಿಸಲು ಎಂದಿನಂತೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಪ್ಪು ತೆರೆಯ ಮುಂದೆ ಕೂತಿದ್ದ. ಆಮೇಲೆ ಎದ್ದು ಮ್ಯಾನೇಜರ ಕೋಣೆಗೆ ಹೋಗಿ, "ಆಯ್ತು. ಹಾಕಿದೀನಿ," ಎಂದ.

ಬಾಮೈದ ಕುರ್ಚಿಯಿಂದ ಎದ್ದೇಬಿಟ್ಟ. "ಆಯ್ತಾ! ನೋಡಿ ನಾನು ಹೇಳ್ಲಿಲ್ವಾ, ಏನೇ ಹೊಸದು ಬರ್ಲಿ, ಕೊನೆಗೆ ಹಳೇ ಗಂಡನ ಪಾದವೇ ಗತಿ," ಎಂದು ಪ್ರತಿ ಸಲ ನಗುವಷ್ಟೇ ನಕ್ಕ. ಟೈಮ್‌ಕೀಪರ್ ಹೆಂಗಸನ್ನು ಕರೆದು, "ನಾಳೆ ಚಾರ್ಟ್ ತೆಗೀರಮ್ಮ, ಬರುತ್ತಾ ನೋಡೋಣ," ಎಂದ. ಅವಳು ಇಬ್ಬರ ಮುಖವನ್ನೂ ನೋಡದೆ ಹೋದಳು. ಪಕ್ಕದ ಕೋಣೆಯಲ್ಲಿ ಪ್ರಿಂಟರು ಕೆಮ್ಮಿತು. ಹಾಳೆ ಬಂತು, ಇನ್ನೂ ಬೆಚ್ಚಗಿತ್ತು. "ಏನ್ ಸ್ಪೀಡಾಗಿ ಬರುತ್ತೆ ಸಾರ್, ನೀವು ಕೈ ಇಟ್ರೆ," ಎಂದಳು ಅವಳು. ಆ ಮಾತನ್ನು ಹೇಳುವಾಗ ಅವಳ ಕಿವಿ ಕೆಂಪಾಯಿತು. ಒಳ್ಳೆಯ ಹೆಂಗಸು, ಸುಳ್ಳು ಹೇಳಿ ಅಭ್ಯಾಸವಿಲ್ಲ.

ಅವನು ಹಾಳೆಯನ್ನು ಕೈಗೆ ತೆಗೆದುಕೊಂಡ. ಮೂರೂವರೆ, ಎರಡೂವರೆ, ಮೂರೂವರೆ. ಈಗ ಹೇಳಿಬಿಡಬಹುದಿತ್ತು. ನಾನು ಏನೂ ಹಾಕಿಲ್ಲ ಕಣಯ್ಯ, ಯಂತ್ರ ಆರಿದೆ, ಹೋಗಿ ನೋಡು ಎಂದು. ಬಾಯಿ ತೆರೆದವನು, "ಕೊನೇ ಕಾಲಮ್ ಸ್ವಲ್ಪ ಅಗಲ ಆದ ಹಾಗಿದೆ," ಎಂದ.

"ಹೌದಾ? ಪ್ರಿಂಟರ್ ಇರ್ಬೇಕು ಭಾವ, ಅದಕ್ಕೂ ವಯಸ್ಸಾಯ್ತು." ಅದಕ್ಕೂ ಎಂದ ಮೇಲೆ ಬಾಮೈದನಿಗೆ ತಾನಂದದ್ದು ತಿಳಿಯಿತು, ತಟ್ಟನೆ ಟೀ ತರಿಸಲೇ ಎಂದ. ಅವನ ಕಣ್ಣಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಜಗಳವಾಡಬಹುದಿತ್ತು. ಇದ್ದದ್ದು ಬರೀ ದಣಿವು, ತಿಂಗಳಿಗೊಮ್ಮೆ ಕಟ್ಟಬೇಕಾದ ಯಾವುದೋ ಬಾಬ್ತನ್ನು ಕಟ್ಟಿ ಮುಗಿಸಿದವನ ದಣಿವು. ಟೀ ಬಂತು. ಕುಡಿದ. ಸಕ್ಕರೆ ಸರಿಯಾಗಿತ್ತು.

ವಾಪಸು ಬರುವ ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿದ. ನಿನ್ನ ತಮ್ಮನಿಗೆ ಹೇಳು, ನಾಟಕ ಸಾಕು. ಅಲ್ಲ, ಅದು ಸಿನಿಮಾ ಮಾತಿನ ಹಾಗಾಯಿತು. ನನ್ನ ಮೇಲೆ ಅಷ್ಟೊಂದು ಕನಿಕರ ಯಾಕೆ ಎಂದು ಕೇಳಬೇಕು, ಮೆಲ್ಲಗೆ. ಅವಳು ಅಳುತ್ತಾಳೆ. ನಿಮಗೋಸ್ಕರ ಮಾಡಿದೆ ರೀ ಎನ್ನುತ್ತಾಳೆ. ಆಗ ಕ್ಷಮಿಸಬೇಕು, ಆದರೆ ತಕ್ಷಣವಲ್ಲ. ಅವಳು ಅಳುವುದನ್ನು ಮನಸ್ಸಿನಲ್ಲಿ ನೋಡುತ್ತ ನೋಡುತ್ತ ಅವನ ಅವಮಾನಕ್ಕೆ ಒಂದು ಬಗೆಯ ಘನತೆ ಬರತೊಡಗಿತು. ಬಸ್ಸು ತಿರುವಿನಲ್ಲಿ ವಾಲಿದಾಗ ಕಂಬವನ್ನು ಹಿಡಿದುಕೊಂಡು, ತಾನು ಪ್ರೀತಿಸಲ್ಪಟ್ಟವನು, ಅದು ಕಡಿಮೆಯೇನಲ್ಲ ಎಂದುಕೊಂಡ.

ಮನೆಯ ಬಾಗಿಲು ತೆರೆಯಲು ಅವಳು ತಡಮಾಡಿದಳು. ಬಾಗಿಲ ಹಿಂದೆ ರೇಡಿಯೋ ಹಾಡುತ್ತಿತ್ತು; ಅದು ನಿಂತಿತು, ಆಮೇಲೆ ಚಿಲಕ ಸರಿಯಿತು. ಅವಳ ಕೂದಲು ಬಿಚ್ಚಿತ್ತು. ಕೆನ್ನೆಯ ಮೇಲೆ ದಿಂಬಿನ ಗೆರೆ ಆಳವಾಗಿ ಮೂಡಿತ್ತು, ಹೊತ್ತುಗಟ್ಟಲೆ ಕದಲದೆ ಮಲಗಿದವರಿಗೆ ಮೂಡುವಂಥದ್ದು. ಕಣ್ಣಿನ ಕೆಳಗಿನ ಕಪ್ಪು, ಅವನು ಅವಳ ಮುಖದ ಸಹಜ ಬಣ್ಣವೆಂದೇ ತಿಳಿದಿದ್ದದ್ದು, ತಿಳಿಯಾಗಿತ್ತು. ಎಷ್ಟೋ ವರ್ಷ ಚಿಕ್ಕವಳಾದ ಹಾಗೆ ಕಂಡಳು. ಅವಳ ಹೆಗಲಿನ ಆಚೆ ನೋಡಿದ. ಅಡುಗೆಮನೆಯ ಬಾಗಿಲಿನಲ್ಲಿ ಅವನ ಕುರ್ಚಿ ಇರಲಿಲ್ಲ. ಹಿಂದಿನ ಕೋಣೆಯ ಗೋಡೆಗೆ ದೂಡಿದ್ದಳು, ಅದರ ಮೇಲೆ ಒಗೆದ ಬಟ್ಟೆ ರಾಶಿ ಬಿದ್ದಿತ್ತು. ಒಲೆಯ ಮೇಲೆ ಏನೂ ಇರಲಿಲ್ಲ. ಮಧ್ಯಾಹ್ನ ಅವಳು ಅಡುಗೆಯನ್ನೇ ಮಾಡಿರಲಿಲ್ಲ. ಎರಡು ಲೋಟ ತೊಳೆಯದೆ ಕೂತಿದ್ದವು. ತಂಗಿಯೋ, ನೆರೆಮನೆಯ ಹೆಂಗಸೋ, ಯಾರೋ ಬಂದಿದ್ದಾರೆ, ನಕ್ಕಿದ್ದಾರೆ, ಹೋಗಿದ್ದಾರೆ. ಮನೆ ತನ್ನಷ್ಟಕ್ಕೆ ತಾನು ಉಸಿರಾಡಿಕೊಂಡು ಇಡೀ ದಿನ ಕಳೆದಿತ್ತು. ಅವನಿಗೆ ಎಲ್ಲವೂ ಒಟ್ಟಿಗೆ ತಿಳಿಯಿತು. ಅವಳು ಬೇಡಿದ್ದು ಅವನಿಗಾಗಿ ಅಲ್ಲ. ಅವನಿಗೆ ಕೆಲಸ ಕೊಡು ಎಂದು ತಮ್ಮನಿಗೆ ಹೇಳಿರಲಿಲ್ಲ ಅವಳು. ಒಂದು ದಿನ, ತಿಂಗಳಿಗೆ ಒಂದೇ ಒಂದು ದಿನ, ಇವರನ್ನು ಎಲ್ಲಿಗಾದರೂ ಕರೆಸಿಕೋ ಎಂದಿದ್ದಳು.

"ಆಯ್ತಾ ಕೆಲ್ಸ?" ಎಂದಳು, ಕೂದಲನ್ನು ಗಂಟು ಹಾಕಿಕೊಳ್ಳುತ್ತ.

"ಆಯ್ತು."

"ಹಂಗಾದ್ರೆ ಇನ್ನು ಸದ್ಯಕ್ಕಿಲ್ಲ," ಎಂದಳು. ದನಿ ಕೊನೆಯಲ್ಲಿ ಸ್ವಲ್ಪ ಇಳಿಯಿತು. ಅಡುಗೆಮನೆಯ ಕಡೆ ನೋಡಿ, ಕುರ್ಚಿಯನ್ನು ಮತ್ತೆ ಅಲ್ಲಿ ಹಾಕಬೇಕೆಂಬುದು ನೆನಪಾದವಳಂತೆ ಬಟ್ಟೆಯ ರಾಶಿಯತ್ತ ಹೆಜ್ಜೆ ಇಟ್ಟಳು. ಬಸ್ಸಿನಲ್ಲಿ ಜೋಡಿಸಿದ ಒಂದು ಮಾತೂ ಅವನಿಗೆ ಈಗ ಉಪಯೋಗಕ್ಕೆ ಬರುವ ಹಾಗಿರಲಿಲ್ಲ. ಊರಿಗೆ ಉಪಕಾರಿ ಮನೆಗೆ ಮಾರಿ ಎನ್ನುತ್ತಾರೆ. ಅವನು ಎರಡು ಕಡೆಯೂ ಮಾರಿಯೇ ಆಗಿದ್ದ, ಉಪಕಾರಿ ಎಂದುಕೊಂಡದ್ದು ಅವನೊಬ್ಬನೇ.

"ಪೂರ್ತಿ ಆಗಿಲ್ಲ," ಎಂದ. "ನಾಳೆನೂ ಬರೋಕೆ ಹೇಳಿದಾನೆ ನಿನ್ನ ತಮ್ಮ."

ಅವಳು ನಿಂತಳು. ಫೋನು ಮೇಜಿನ ಮೇಲೆ, ಅವಳ ಕೈಗೆಟುಕುವ ಹಾಗೆ ಇತ್ತು. ಈಗ ಎತ್ತುತ್ತಾಳೆ ಎಂದು ಅವನು ಕಾದ. ನಾಳೆಯೂ ಅಂದೆಯಂತಲ್ಲೋ ಎಂದು ಕೇಳುತ್ತಾಳೆ. ಯಾವ ನಾಳೆ ಅಕ್ಕ, ನಾನು ಹೇಳಿಲ್ಲವಲ್ಲ ಎನ್ನುತ್ತಾನೆ ಅವನು. ಆಮೇಲೆ ಗಂಡ ಹೆಂಡತಿ ಇಬ್ಬರೂ ಈ ಕೋಣೆಯಲ್ಲಿ ಎದುರುಬದುರು ನಿಂತು ಒಬ್ಬರ ಮುಖ ಒಬ್ಬರು ನೋಡಬೇಕಾಗುತ್ತದೆ. ಅದಾಗಿ ಹೋಗಲಿ ಎಂದು ಅವನು ಬಯಸಿದ. ತಮ್ಮ ಹಾಗೆ ಹೇಳಿರುವುದು ಸಾಧ್ಯವಿಲ್ಲವೆಂದು ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ. ಅವಳೂ ಫೋನಿನ ಕಡೆ ನೋಡಿದಳು, ಅವನು ಅದನ್ನು ಕಂಡ. ಅವಳು ಅದನ್ನು ಮುಟ್ಟಲಿಲ್ಲ.

"ಎಷ್ಟೊತ್ತಿಗೆ ಹೊರಡ್ಬೇಕು?" ಎಂದಳು.

"ಬೆಳಿಗ್ಗೆನೇ."

"ಬರೋದು?"

"ಸಂಜೆ ಆಗುತ್ತೆ."

"ಡಬ್ಬಿ ಕಟ್ಟಿಕೊಡ್ತೀನಿ. ಹೊರಗಡೆ ತಿನ್ಬೇಡಿ," ಎಂದು ಒಳಗೆ ಹೋದಳು. ಕುರ್ಚಿ ಇದ್ದಲ್ಲಿಯೇ ಉಳಿಯಿತು. ಅವನು ಬಾಗಿಲ ಹತ್ತಿರವೇ ನಿಂತಿದ್ದ, ಚಪ್ಪಲಿಯನ್ನು ಇನ್ನೂ ಬಿಟ್ಟಿರಲಿಲ್ಲ. ನಾಳೆ ಇಡೀ ದಿನ ಡಬ್ಬಿ ಹಿಡಿದುಕೊಂಡು ಎಲ್ಲಿ ಕೂರುವುದೆಂದು ಯೋಚಿಸುತ್ತಿದ್ದಾಗ, ಅಡುಗೆಮನೆಯ ಒಳಗಿನಿಂದ, ಬಹಳ ದಿನಗಳಿಂದ ಅವನು ಕೇಳಿರದ ಹಗುರವಾದ ದನಿಯಲ್ಲಿ ಅವಳು, "ರೀ, ನಾಡಿದ್ದೂ ಇರುತ್ತಾ?" ಎಂದು ಕೇಳಿದಳು.